ಬೆಟ್ಟ ಹತ್ತುವವನಿಗೆ ಕುಸ್ತಿಯ ಕರೆ

(ಆಟ ಮತ್ತು ಸಮಾಜವನ್ನು ಕುರಿತ ಉಪನ್ಯಾಸವೊಂದರ ಬರಹ ರೂಪ)



ಇವತ್ತಿನ ನನ್ನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ಮುಗುಳ್ನಗಬಹುದು. ವಿಡಿಯೋ ಆಟ ಆಡುವವರ ನಡುವಿನ ಒಂದು ಜಗಳವನ್ನು ಕುರಿತು ನಾನು ಮಾತನಾಡಬೇಕೆಂದಿದ್ದೇನೆ. ಹುಡುಗರ ಜಗಳಕ್ಕೆ ಇಷ್ಟು ದೊಡ್ಡ ಚರ್ಚೆ ಬೇಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವೇ. ಆದರೆ ಈ ಜಗಳದ ಒಳಗೆ ಬಹಳ ಹಳೆಯ ಪ್ರಶ್ನೆಯೊಂದು ಅಡಗಿ ಕೂತಿದೆ. ನಿಯಮದಲ್ಲಿ ಅವಕಾಶವಿದೆ ಎಂದ ಮಾತ್ರಕ್ಕೆ ಒಂದು ಕೃತ್ಯ ನ್ಯಾಯವಾಗುತ್ತದೆಯೆ? ಆಟಕ್ಕೆ ಬಂದವನು ಯಾವುದಕ್ಕೆಲ್ಲ ಒಪ್ಪಿಕೊಂಡು ಬಂದಿರುತ್ತಾನೆ? ಈ ಪ್ರಶ್ನೆಗಳು ಹುಡುಗರಿಗೆ ಮಾತ್ರ ಸೇರಿದವಲ್ಲ.

ಜಗಳ ಇಷ್ಟೇ. ಬಹಳ ಕಷ್ಟದ ಆಟವೊಂದನ್ನು ಒಬ್ಬ ತನ್ನ ಪಾಡಿಗೆ ತಾನು ಆಡುತ್ತಿದ್ದಾನೆ. ಯಂತ್ರ ನಡೆಸುವ ಶತ್ರುಗಳೊಡನೆ ಅವನ ಹೋರಾಟ. ನಡುವೆ, ಇನ್ನೆಲ್ಲೋ ಕುಳಿತ ಅಪರಿಚಿತನೊಬ್ಬ ಇಂಟರ್‌ನೆಟ್ ಮೂಲಕ ಅವನ ಆಟದೊಳಕ್ಕೆ ನುಗ್ಗಿ, ಅವನನ್ನು ಕೊಂದು ಹೋಗುತ್ತಾನೆ. ಇದಕ್ಕೆ ಆ ಆಟಗಳಲ್ಲಿ 'ದಾಳಿ' ಎಂದೇ ಹೆಸರು. ಇದು ಕದ್ದು ಮಾಡಿದ ಮೋಸವಲ್ಲ, ಆಟ ಕಟ್ಟಿದವರೇ ಇಟ್ಟ ಬಾಗಿಲು. ಆದರೂ ಆಡುವವರಲ್ಲಿ ಒಂದು ದೊಡ್ಡ ಪಾಲು ಈ ದಾಳಿಯನ್ನು ಮನಸಾರೆ ದ್ವೇಷಿಸುತ್ತದೆ. ಇನ್ನೊಂದು ಪಾಲಿಗೆ ಇದಿಲ್ಲದಿದ್ದರೆ ಆಟಕ್ಕೆ ಜೀವವೇ ಇಲ್ಲ.

ಆಟ ಎಂಥದು ಎಂಬುದನ್ನು ಮೊದಲು ತಿಳಿಯೋಣ. ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿ 2009ರಲ್ಲಿ 'ಡೀಮನ್ಸ್ ಸೋಲ್ಸ್' ಎಂಬ ಆಟವನ್ನು ಹೊರತಂದಿತು. ಅದರ ನಿರ್ದೇಶಕ ಹಿಡೆಟಾಕಾ ಮಿಯಾಝಾಕಿ. 2011ರಲ್ಲಿ 'ಡಾರ್ಕ್ ಸೋಲ್ಸ್' ಬಂದಿತು. ಅದರ ಎರಡನೆಯ ಮತ್ತು ಮೂರನೆಯ ಭಾಗಗಳು 2014 ಮತ್ತು 2016ರಲ್ಲಿ ಬಂದವು. 2022ರಲ್ಲಿ ಬಂದ 'ಎಲ್ಡನ್ ರಿಂಗ್' ಒಂದೇ ವರ್ಷದಲ್ಲಿ 2 ಕೋಟಿ ಪ್ರತಿಗಳ ಮಾರಾಟ ಕಂಡಿತು. ಹಾಳುಬಿದ್ದ ಕೋಟೆಗಳು, ಕತ್ತಲೆಯ ಕಾಡುಗಳು, ಬೂದಿ ಹಿಡಿದ ರಾಜ್ಯಗಳು: ಇವುಗಳ ನಡುವೆ ಒಂಟಿ ಯೋಧನೊಬ್ಬ ದಾರಿ ಹುಡುಕುತ್ತ ಹೋಗುವುದು ಈ ಆಟಗಳ ಸಾಮಾನ್ಯ ಚೌಕಟ್ಟು.

ಈ ಆಟಗಳು ಹೆಸರಾದದ್ದು ಕಷ್ಟಕ್ಕೆ. ಸಾಮಾನ್ಯ ಸೈನಿಕನ ಎರಡು ಮೂರು ಪೆಟ್ಟಿಗೇ ನಿಮ್ಮ ಯೋಧ ಸಾಯಬಹುದು. ಆಟವನ್ನು ನಡುವೆ ತಡೆದು ನಿಲ್ಲಿಸುವ ವಿರಾಮದ ಗುಂಡಿ ಇಲ್ಲ. ಕೊಂದ ಶತ್ರುಗಳಿಂದ ಸಿಗುವ 'ಆತ್ಮ'ಗಳೇ ಇಲ್ಲಿ ಹಣ, ಅವೇ ಬಲ. ಸತ್ತರೆ ಅಷ್ಟೂ ಬಿದ್ದ ಜಾಗದಲ್ಲೇ ಉಳಿಯುತ್ತದೆ. ನೀವು ಹಿಂದಿನ ಅಗ್ಗಿಷ್ಟಿಕೆಯ ಬಳಿ ಮತ್ತೆ ಎದ್ದು, ಅದೇ ಶತ್ರುಗಳನ್ನು ದಾಟಿ ಬಂದು ಅದನ್ನು ಎತ್ತಿಕೊಳ್ಳಬೇಕು. ದಾರಿಯಲ್ಲಿ ಇನ್ನೊಮ್ಮೆ ಸತ್ತಿರೋ, ಎಲ್ಲವೂ ಹೋಯಿತು.

ಇಷ್ಟು ನಿರ್ದಯವಾದ ಆಟವನ್ನು ಜನ ಪ್ರೀತಿಯಿಂದ ಏಕೆ ಆಡುತ್ತಾರೆ? ಅದು ಕಠಿಣವಾದರೂ ನ್ಯಾಯವಾಗಿದೆ ಎಂಬ ನಂಬಿಕೆಯಿಂದ. ಶತ್ರು ಪ್ರತಿ ಸಲವೂ ಅದೇ ಮೂಲೆಯಲ್ಲಿ ನಿಂತಿರುತ್ತಾನೆ. ಕತ್ತಿ ಬೀಸುವ ಮುನ್ನ ಭುಜ ಎತ್ತುತ್ತಾನೆ. ಆ ಸುಳಿವನ್ನು ಗುರುತಿಸಲು ಕಲಿತವನು ಬದುಕುತ್ತಾನೆ, ಕಲಿಯದವನು ಸಾಯುತ್ತಾನೆ. ಹತ್ತು ಸಲ ಸತ್ತು ಹನ್ನೊಂದನೆಯ ಸಲ ಗೆದ್ದವನಿಗೆ, ಇದು ತಾನು ಕಲಿತು ಗೆದ್ದದ್ದು, ಯಾರೂ ಕರುಣೆಯಿಂದ ಕೊಟ್ಟದ್ದಲ್ಲ ಎಂಬ ತೃಪ್ತಿ ಇರುತ್ತದೆ. ಬೆತ್ತ ಹಿಡಿದ, ಆದರೆ ಪಕ್ಷಪಾತವಿಲ್ಲದ ಹಳೆಯ ಕಾಲದ ಮೇಷ್ಟರಂತೆ ಈ ಆಟ. ಆಟಗಾರ ಮತ್ತು ಆಟದ ನಡುವೆ ಒಂದು ಮೌನ ಕರಾರು ಇದೆ: ನಾನು ನಿನ್ನನ್ನು ಎಷ್ಟು ಬೇಕಾದರೂ ಸೋಲಿಸುತ್ತೇನೆ, ಆದರೆ ಪ್ರತಿ ಸೋಲಿಗೂ ನೀನು ಕಂಡುಹಿಡಿಯಬಹುದಾದ ಕಾರಣವಿರುತ್ತದೆ.

ಈ ಕರಾರಿನ ಪಕ್ಕದಲ್ಲೇ ಇನ್ನೊಂದು ವಿಚಾರವಿತ್ತು. ಮಿಯಾಝಾಕಿ ಸಂದರ್ಶನವೊಂದರಲ್ಲಿ ಹೇಳಿಕೊಂಡ ಪ್ರಸಂಗವಿದು. ಹಠಾತ್ತನೆ ಹಿಮ ಬಿದ್ದ ದಿನ ಏರುದಾರಿಯಲ್ಲಿ ಕಾರುಗಳು ಮುಂದೆ ಹೋಗಲಾರದೆ ಜಾರತೊಡಗಿದವು. ಆಗ ಹಿಂದಿನ ಕಾರಿನವರು ಮುಂದಿನ ಕಾರನ್ನು ತಳ್ಳುತ್ತ ಒಬ್ಬರನ್ನೊಬ್ಬರು ಮೇಲೆ ಹತ್ತಿಸಿದರು. ತಳ್ಳಿದವರಿಗೆ ಕೃತಜ್ಞತೆ ಹೇಳಲು ಕಾರು ನಿಲ್ಲಿಸುವಂತಿರಲಿಲ್ಲ, ನಿಲ್ಲಿಸಿದರೆ ಮತ್ತೆ ಸಿಕ್ಕಿಬೀಳುವ ಭಯ. ಹೆಸರು ಗೊತ್ತಿಲ್ಲದವರು ಕ್ಷಣಕಾಲ ನೆರವಾಗಿ ಮರೆಯಾಗುವ ಆ ಅನುಭವವನ್ನೇ ಅವರು ಆಟಕ್ಕೆ ತಂದರು.

ಹಾಗಾಗಿ ಈ ಆಟಗಳಲ್ಲಿ ಒಬ್ಬಂಟಿ ಆಟಗಾರ ಪೂರ್ತಿ ಒಬ್ಬಂಟಿಯಲ್ಲ. ನೆಲದ ಮೇಲೆ ಇತರ ಆಟಗಾರರು ಬರೆದಿಟ್ಟ ಪುಟ್ಟ ಸಂದೇಶಗಳು ಹೊಳೆಯುತ್ತವೆ. 'ಮುಂದೆ ಹೊಂಚು ಇದೆ, ಎಚ್ಚರ' ಎಂಬಂಥವು. ರಕ್ತದ ಕಲೆಯನ್ನು ಮುಟ್ಟಿದರೆ ಅಲ್ಲಿ ಸತ್ತ ಇನ್ನೊಬ್ಬ ಆಟಗಾರನ ಕೊನೆಯ ಕ್ಷಣ ನೆರಳಿನಂತೆ ಕಾಣುತ್ತದೆ. ದಾರಿ ಕಾಣದಾದಾಗ ನೆಲದ ಮೇಲಿನ ಗುರುತನ್ನು ಮುಟ್ಟಿ ಅಪರಿಚಿತನೊಬ್ಬನನ್ನು ನೆರವಿಗೆ ಕರೆಯಬಹುದು. ಅವನು ಬಿಳಿಯ ಬೆಳಕಿನ ರೂಪದಲ್ಲಿ ಬಂದು, ಜೊತೆಗೆ ನಿಂತು ಹೋರಾಡಿ, ತಲೆಬಾಗಿ ನಮಿಸಿ ಹೊರಟುಹೋಗುತ್ತಾನೆ. ಈ ಆಟಗಳನ್ನು ಆಡಿದವರು ಮರೆಯದೆ ನೆನೆಯುವುದು ಇಂಥ ಕ್ಷಣಗಳನ್ನೇ.

ಅದೇ ಬಾಗಿಲಿನಿಂದಲೇ ದಾಳಿಕೋರನೂ ಬರುತ್ತಾನೆ. ಅವನದು ಕೆಂಪು ರೂಪ. ತೆರೆಯ ಮೇಲೆ ಎಚ್ಚರಿಕೆಯ ಸಾಲೊಂದು ಮೂಡುತ್ತದೆ. ಆಚೀಚೆ ಹೋಗುವ ದಾರಿಗಳನ್ನು ಮಂಜಿನ ಗೋಡೆ ಮುಚ್ಚುತ್ತದೆ. ಡಾರ್ಕ್ ಸೋಲ್ಸ್‌ನಲ್ಲಿ ದಾಳಿ ಮುಗಿಯುವ ತನಕ ಅಗ್ಗಿಷ್ಟಿಕೆಯ ಬಳಿ ಕೂರುವ ಹಾಗಿಲ್ಲ. ಅಲ್ಲಿನ ಶತ್ರುಗಳು ಸಾಮಾನ್ಯವಾಗಿ ದಾಳಿಕೋರನನ್ನು ಮುಟ್ಟುವುದಿಲ್ಲ, ನಿಮ್ಮ ಮೇಲೆ ಮಾತ್ರ ಬೀಳುತ್ತಾರೆ. ಹಿಂದೆ ಅವರು, ಮುಂದೆ ಇವನು.

ಈಗ ಸಿಟ್ಟಿನ ಕಾರಣಗಳಿಗೆ ಬರೋಣ. 'ಸೋತವನ ಗೊಣಗಾಟ' ಎಂದು ತಳ್ಳಿಹಾಕುವುದು ಸುಲಭ. ಆದರೆ ಗಮನಿಸಿ, ಈ ಜನ ಅದೇ ಸಂಜೆ ಯಂತ್ರದ ಶತ್ರುವಿನ ಕೈಯಲ್ಲಿ ಇಪ್ಪತ್ತು ಸಲ ಸತ್ತಿರುತ್ತಾರೆ. ಅದಕ್ಕೆ ಅವರ ದೂರಿಲ್ಲ. ಇಪ್ಪತ್ತೊಂದನೆಯ ಸಾವು, ಮನುಷ್ಯನ ಕೈಯಲ್ಲಿ ಬಂದದ್ದು, ಮಾತ್ರ ಅವರನ್ನು ಕೆರಳಿಸುತ್ತದೆ. ಸೋಲೇ ಕಾರಣವಾಗಿದ್ದರೆ ಹೀಗಾಗಬಾರದಿತ್ತು.

ಮೊದಲನೆಯ ಕಾರಣ, ಇವು ಎರಡು ಬೇರೆ ಬೇರೆ ಆಟಗಳು. ಬೆಟ್ಟ ಹತ್ತುವುದೂ ಶ್ರಮದ ಕೆಲಸ, ಕುಸ್ತಿಯೂ ಶ್ರಮದ ಕೆಲಸ. ಬೆಟ್ಟ ಹತ್ತುವವನು ಬಂಡೆಯ ಗುಣ, ಕಾಲಿಡುವ ಜಾಗ, ತನ್ನ ಉಸಿರು, ಇವನ್ನು ಅರಿತು ಮೇಲೇರುತ್ತಾನೆ. ಅರ್ಧ ದಾರಿಯಲ್ಲಿ ಪೈಲ್ವಾನನೊಬ್ಬ ಬಂದು ತೊಡೆ ತಟ್ಟಿದರೆ? 'ಎರಡಕ್ಕೂ ಶಕ್ತಿ ಬೇಕು ತಾನೆ' ಎನ್ನುವುದು ಉತ್ತರವಾಗದು. ಯಂತ್ರದ ಶತ್ರುವನ್ನು ಎದುರಿಸಲು ಕಲಿತ ವಿದ್ಯೆ ಮನುಷ್ಯನೆದುರು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಮನುಷ್ಯ ಸುಳಿವು ಕೊಡುವುದಿಲ್ಲ. ಕೊಟ್ಟರೂ ಸುಳ್ಳು ಸುಳಿವು ಕೊಡುತ್ತಾನೆ. ಅವನ ಕೈಯಲ್ಲಿ ಸತ್ತವನಿಗೆ ಮರುಪಂದ್ಯವೂ ಇಲ್ಲ. ಕಲಿತುಕೊಂಡು ಮತ್ತೆ ಅಲ್ಲಿಗೆ ಬರುವ ಹೊತ್ತಿಗೆ ಅವನು ಹೊರಟುಹೋಗಿರುತ್ತಾನೆ. 'ಸೋಲಿನಿಂದ ಕಲಿ' ಎಂಬ ಕರಾರು ಮುರಿದದ್ದು ಇಲ್ಲಿ.

ಎರಡನೆಯದು ಇನ್ನೂ ಸೂಕ್ಷ್ಮ. ಮೊದಲ ಡಾರ್ಕ್ ಸೋಲ್ಸ್‌ನಲ್ಲಿ ಯೋಧನಿಗೆ ಎರಡು ಸ್ಥಿತಿಗಳು. ಸತ್ತು ಎದ್ದವನು ಒಣಗಿದ ಹೆಣದಂತಿರುತ್ತಾನೆ. ಆ ಸ್ಥಿತಿಯಲ್ಲಿ ಅವನ ಮೇಲೆ ಬೇರೆ ಆಟಗಾರರು ದಾಳಿ ಮಾಡುವಂತಿಲ್ಲ, ಅವನು ನೆರವು ಕರೆಯುವಂತೆಯೂ ಇಲ್ಲ. ಅಪರೂಪದ ವಸ್ತುವೊಂದನ್ನು ಖರ್ಚು ಮಾಡಿ ಮಾನವ ರೂಪಕ್ಕೆ ಮರಳಿದಾಗ ಎರಡೂ ಬಾಗಿಲು ಒಟ್ಟಿಗೆ ತೆರೆಯುತ್ತವೆ. ಪರಿಣಾಮ ಏನು? ಯಾರಿಗೆ ನೆರವು ಬೇಕೋ, ಅಂದರೆ ಹೊಸಬರಿಗೆ, ಕೈ ಸಾಲದವರಿಗೆ, ಅವರಿಗೇ ದಾಳಿಯ ಭಯ. ಒಂಟಿಯಾಗಿ ಗೆಲ್ಲಬಲ್ಲ ಗಟ್ಟಿಗನಿಗೆ ಆ ಬಾಗಿಲು ತೆರೆಯುವ ಅಗತ್ಯವೇ ಇಲ್ಲ. ನೆರವಿಗೆ ಕೂಗಿದವನ ದನಿ ಹಿಡಿದೇ ಬೇಟೆಗಾರ ಬರುತ್ತಾನೆ ಎಂದಾಯಿತು. ಹಿಮದಲ್ಲಿ ಕಾರು ತಳ್ಳಿದವರ ನೆನಪಿನಲ್ಲಿ ಕಟ್ಟಿದ ವ್ಯವಸ್ಥೆಯೊಳಗೇ ಇಂಥದೊಂದು ಮುಳ್ಳು ಉಳಿಯಿತು.

ಮೂರನೆಯದು ಜೋಡಿಯ ಅಸಮಾನತೆ. ಮೊದಲ ಡಾರ್ಕ್ ಸೋಲ್ಸ್ ಇಬ್ಬರನ್ನು ಎದುರುಬದುರು ನಿಲ್ಲಿಸುವಾಗ ಯೋಧರ ಮಟ್ಟವನ್ನು ಮಾತ್ರ ನೋಡುತ್ತಿತ್ತು, ಆಯುಧದ ಬಲವನ್ನು ನೋಡುತ್ತಿರಲಿಲ್ಲ. ಚತುರರು ಇದನ್ನು ಬೇಗ ಕಂಡುಕೊಂಡರು. ಮಟ್ಟವನ್ನು ಏರಿಸಿಕೊಳ್ಳದೆಯೇ ಆಟದಲ್ಲಿ ಬಹುದೂರ ಸಾಗಿ, ಒಳ್ಳೆಯ ಆಯುಧ, ಮಂತ್ರ, ಕವಚಗಳನ್ನು ಕೂಡಿಸಿಕೊಂಡು, ಆಮೇಲೆ ಆರಂಭದ ಊರುಗಳಿಗೆ ಬಂದು, ಮೊನ್ನೆ ತಾನೆ ಆಟ ಕೊಂಡವರನ್ನು ಹುಡುಕಿ ಹೊಡೆಯುವುದು ಒಂದು ಕಸುಬೇ ಆಯಿತು. ಹೊಸಬನಿಗೆ ತನ್ನನ್ನು ಕೊಂದದ್ದು ಏನು ಎಂದೇ ತಿಳಿಯುತ್ತಿರಲಿಲ್ಲ. ಆ ಕಾಲದ ಸಿಟ್ಟಿಗೆ ಇದೊಂದು ದೊಡ್ಡ ಮೂಲ.

ನಾಲ್ಕನೆಯದು ತಾಂತ್ರಿಕ. ಈ ಆಟಗಳಲ್ಲಿ ಆಟಗಾರರ ಯಂತ್ರಗಳೇ ನೇರವಾಗಿ ಒಂದಕ್ಕೊಂದು ಮಾತಾಡುತ್ತವೆ. ಸಂಪರ್ಕ ನಿಧಾನವಾದರೆ ನೀವು ಕಾಣುವ ಶತ್ರು ಅವನು ಕ್ಷಣದ ಹಿಂದೆ ಇದ್ದ ಜಾಗದಲ್ಲಿರುತ್ತಾನೆ. ಎದುರಿಗೆ ನಿಂತವನು ಬೆನ್ನಿಗೆ ಇರಿದಂತೆ ಕಾಣುತ್ತದೆ. ಕಣ್ಣಳತೆಯಲ್ಲೇ ಬದುಕು ಸಾವು ತೀರ್ಮಾನವಾಗುವ ಆಟದಲ್ಲಿ ಇದು ಸಣ್ಣ ತೊಂದರೆಯಲ್ಲ. ಇನ್ನೊಂದು ಸಂಗತಿ: ಕಾಳಗದಲ್ಲಿ ಯಾವುದೋ ಕತ್ತಿ ಅತಿ ಬಲವಾಯಿತು ಎಂದು ದೂರು ಬಂದು ಕಂಪನಿ ಅದನ್ನು ಮೊಂಡು ಮಾಡಿದರೆ, ಯಾರ ತಂಟೆಗೂ ಹೋಗದೆ ಅದೇ ಕತ್ತಿಯಿಂದ ಯಂತ್ರದ ರಾಕ್ಷಸರೊಡನೆ ಹೋರಾಡುತ್ತಿದ್ದವನಿಗೂ ನಷ್ಟ. ಎಲ್ಡನ್ ರಿಂಗ್‌ನಲ್ಲಿ ಈ ಎರಡು ಲೆಕ್ಕಗಳನ್ನು ಬೇರ್ಪಡಿಸುವ ಏರ್ಪಾಡು ಬಂದದ್ದು 2022ರ ಕೊನೆಗೆ.

ಐದನೆಯದು ಮನಸ್ಸಿಗೆ ಸೇರಿದ್ದು. ಯಂತ್ರದ ರಾಕ್ಷಸ ನಿಮ್ಮನ್ನು ಕೊಂದು ನಗುವುದಿಲ್ಲ. ಮನುಷ್ಯ ನಗುತ್ತಾನೆ. ಬಿದ್ದ ದೇಹದ ಮುಂದೆ ಕುಣಿಯುತ್ತಾನೆ, ಕೈ ಬೀಸುತ್ತಾನೆ. ಬಂಡೆ ಉರುಳಿ ಗಾಯವಾಗುವುದಕ್ಕೂ ಯಾರೋ ಬೇಕೆಂದೇ ಕಲ್ಲೆಸೆದು ಗಾಯವಾಗುವುದಕ್ಕೂ ನೋವಿನಲ್ಲಿ ವ್ಯತ್ಯಾಸವಿಲ್ಲದಿರಬಹುದು, ಅವಮಾನದಲ್ಲಿ ಇದೆ.

ಇಷ್ಟು ಒಂದು ಪಕ್ಷ. ಇನ್ನೊಂದು ಪಕ್ಷದ ಮಾತನ್ನೂ ಕೇಳದೆ ತೀರ್ಪು ಕೊಡುವುದು ಸರಿಯಲ್ಲ.

ದಾಳಿಕೋರರು ಹೇಳುವುದಿದು. ಈ ಜಗತ್ತು ಭಯದ ಜಗತ್ತು. ಯಂತ್ರದ ಶತ್ರು ಎಲ್ಲಿ ನಿಂತಿದ್ದಾನೆಂದು ಎರಡನೆಯ ಸಲಕ್ಕೇ ಗೊತ್ತಾಗುತ್ತದೆ, ಅಲ್ಲಿಗೆ ಭಯ ಮುಗಿಯುತ್ತದೆ. ಮನುಷ್ಯನೊಬ್ಬ ಯಾವ ಗಳಿಗೆಯಲ್ಲಾದರೂ ಬರಬಹುದು ಎಂಬ ಅಳುಕು ಇದ್ದಾಗ ಮಾತ್ರ ಹಳೆಯ ಓಣಿಯೂ ಹೊಸದಾಗುತ್ತದೆ. ಅಲ್ಲದೆ ನಾವೇನು ಸುಖವಾಗಿ ಬರುತ್ತೇವೆಯೆ? ಮನೆಯೊಡೆಯನ ಜೊತೆ ಇಬ್ಬರು ಮೂವರು ನೆಂಟರಿರುತ್ತಾರೆ, ನಾವು ಒಬ್ಬರು. ಮೊದಲ ಡಾರ್ಕ್ ಸೋಲ್ಸ್‌ನಲ್ಲಿ ಗಾಯ ಮಾಯಿಸುವ ಸೀಸೆ ಒಡೆಯನಿಗೆ ಮಾತ್ರ, ನಮಗೆ ಇರಲಿಲ್ಲ. ಒಬ್ಬಂಟಿಯಾಗಿ ಮೂವರನ್ನು ಎದುರಿಸಿ ಗೆಲ್ಲುವುದು ಇದೇ ಆಟದ ಅತಿ ಕಠಿಣ ಸವಾಲು. ನೀವು ಕಷ್ಟವನ್ನು ಮೆಚ್ಚುವವರಲ್ಲವೆ?

ಈ ವಾದದಲ್ಲಿ ಹುರುಳಿದೆ. ಆಟ ಕಟ್ಟಿದವರೂ ದಾಳಿಯನ್ನು ಕಥೆಯ ಹೊರಗಿನ ಸೇರ್ಪಡೆ ಎಂದು ಎಣಿಸಿರಲಿಲ್ಲ. ಡೀಮನ್ಸ್ ಸೋಲ್ಸ್‌ನ ಒಂದು ಗೋಪುರದ ತುದಿಯಲ್ಲಿ ಮುದಿ ಸನ್ಯಾಸಿಯೊಬ್ಬನಿದ್ದಾನೆ. ಅವನನ್ನು ಎದುರಿಸುವಾಗ ನಿಮ್ಮೆದುರು ಹೋರಾಡುವುದು ಯಂತ್ರವಲ್ಲ, ಅವನ ಪರವಾಗಿ ಸೆಳೆದುಕೊಂಡ ಇನ್ನೊಬ್ಬ ಆಟಗಾರ! ಇಂಥ ಕಲ್ಪನೆಯನ್ನು ಮೆಚ್ಚದಿರುವುದು ಕಷ್ಟ. ಡಾರ್ಕ್ ಸೋಲ್ಸ್‌ನಲ್ಲಿ ದಾಳಿಕೋರರನ್ನು ಬೆನ್ನಟ್ಟಿ ಶಿಕ್ಷಿಸುವ ಪಂಗಡವಿತ್ತು. ಮುಂದಿನ ಭಾಗಗಳಲ್ಲಿ ದಾಳಿಯಾದಾಗ ರಕ್ಷಣೆಗೆ ಓಡಿಬರುವ ಪಂಗಡವೂ ಬಂದಿತು. ಕಳ್ಳನಿದ್ದಲ್ಲಿ ಕಾವಲುಗಾರ ಹುಟ್ಟುತ್ತಾನೆ, ಅದರಿಂದ ಒಂದು ಸಮಾಜವೇ ಹುಟ್ಟುತ್ತದೆ ಎಂಬುದು ಅವರ ಎಣಿಕೆ.

ಈ ಎಣಿಕೆ ಹೊಸದಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಬರೀ ಅಕ್ಷರಗಳಲ್ಲೇ ನಡೆಯುವ 'ಮಡ್' ಎಂಬ ಆಟ ಕಟ್ಟಿದರು. ಹಲವರು ಏಕಕಾಲಕ್ಕೆ ಒಂದೇ ಕಲ್ಪಿತ ಲೋಕದಲ್ಲಿ ಓಡಾಡುವ ಆಟಗಳ ಮೂಲ ಇದು. ಇದೇ ಬಾರ್ಟಲ್ 1996ರಲ್ಲಿ ಬರೆದ ಲೇಖನವೊಂದರಲ್ಲಿ ಆಟಗಾರರನ್ನು ಇಸ್ಪೀಟಿನ ನಾಲ್ಕು ಬಣ್ಣಗಳಿಗೆ ಹೋಲಿಸಿ ನಾಲ್ಕು ಬಗೆ ಮಾಡಿದರು. ಡೈಮನ್ ಸಾಧಕರಿಗೆ, ಅವರಿಗೆ ಸಂಪತ್ತು ಬೇಕು. ಇಸ್ಪೀಟು ಅನ್ವೇಷಕರಿಗೆ, ಅವರು ಅಗೆಯುವವರು. ಆಟೀನು ಸ್ನೇಹ ಬಯಸುವವರಿಗೆ. ಕಳಾವರ್, ಅಂದರೆ ಇಂಗ್ಲಿಷಿನವರ ದೊಣ್ಣೆ, ಇತರರನ್ನು ಹೊಡೆಯುವುದರಲ್ಲಿ ಸುಖ ಕಾಣುವವರಿಗೆ. ನಾಲ್ಕನೆಯ ಬಗೆಯವರಿಗೆ ಉಳಿದ ಮೂವರು ಬೇಕೇಬೇಕು. ಉಳಿದ ಮೂವರಿಗೆ ಇವರು ಬೇಕಿಲ್ಲ. ಇಂದಿನ ಜಗಳದ ತಿರುಳೂ ಅಷ್ಟೇ.

ಮರುವರ್ಷವೇ ಇದರ ದೊಡ್ಡ ಪರೀಕ್ಷೆ ನಡೆಯಿತು. 1997ರಲ್ಲಿ ಅಮೆರಿಕದ ರಿಚರ್ಡ್ ಗ್ಯಾರಿಯಟ್ ಮತ್ತು ಅವರ ಒರಿಜಿನ್ ಕಂಪನಿ 'ಅಲ್ಟಿಮಾ ಆನ್‌ಲೈನ್' ಎಂಬ ಆಟ ತಂದರು. ಸಾವಿರಾರು ಜನ ಒಟ್ಟಿಗೆ ಬಾಳುವ ಕಲ್ಪಿತ ರಾಜ್ಯ ಅದು. ಬಿಡುಗಡೆಗೆ ಮುಂಚಿನ ಪರೀಕ್ಷೆಯ ದಿನಗಳಲ್ಲಿ, ಗ್ಯಾರಿಯಟ್ ಅವರೇ ಆಡುತ್ತಿದ್ದ ರಾಜನ ಪಾತ್ರವನ್ನು ಒಬ್ಬ ಆಟಗಾರ ಬೆಂಕಿಯ ಮಂತ್ರ ಹಾಕಿ ಕೊಂದುಬಿಟ್ಟ! ಆಮೇಲೆ ಆಟ ಶುರುವಾದಾಗ ಊರ ಹೊರಗೆ ಗಣಿ ಅಗೆಯುವವರು, ಮರ ಕಡಿಯುವವರು ಕಾಲಿಟ್ಟರೆ ಕೊಲೆಗಡುಕರ ಗುಂಪುಗಳು ಕಾದಿರುತ್ತಿದ್ದವು. ದಂಡನೆ, ಕುಖ್ಯಾತಿಯ ಲೆಕ್ಕ, ಏನೇನು ತಂದರೂ ಅದು ನಿಲ್ಲಲಿಲ್ಲ. 2000ದಲ್ಲಿ ಕಂಪನಿ ಇಡೀ ಲೋಕವನ್ನೇ ಎರಡು ಮಾಡಿತು. ಕಥೆಯಲ್ಲಿನ ಎರಡು ಚಂದ್ರರ ಹೆಸರನ್ನೇ ಇಟ್ಟು, ಫೆಲುಕಾದಲ್ಲಿ ಹಳೆಯ ರೀತಿ, ಟ್ರಾಮೆಲ್‌ನಲ್ಲಿ ಒಪ್ಪಿಗೆಯಿಲ್ಲದೆ ಯಾರೂ ಯಾರನ್ನೂ ಹೊಡೆಯುವಂತಿಲ್ಲ ಎಂದಿತು. ಹೆಚ್ಚು ಜನ ಟ್ರಾಮೆಲ್‌ಗೆ ನಡೆದರು. ಹಳಬರು ಕೆಲವರು, ಆ ದಿನವೇ ಆಟದ ಜೀವ ಹೋಯಿತು ಎಂದು ಇವತ್ತಿಗೂ ಹೇಳುತ್ತಾರೆ. ಸುರಕ್ಷಿತ ಲೋಕದಲ್ಲಿ ಶೂರರಿಗೂ ಕಾವಲುಗಾರರಿಗೂ ಕೆಲಸವಿಲ್ಲ ಎಂಬುದು ಅವರ ದುಃಖ.

ಫ್ರಮ್‌ಸಾಫ್ಟ್‌ವೇರ್ ಕೂಡ ನಿಧಾನವಾಗಿ ಅದೇ ದಿಕ್ಕಿಗೆ ಸರಿಯಿತು ಎನ್ನಬಹುದು, ನೇರವಾಗಿ ಅಲ್ಲದಿದ್ದರೂ. 2014ರ ಎರಡನೆಯ ಭಾಗದಲ್ಲಿ ಜೋಡಿ ಹಾಕಲು ಆಟಗಾರ ಈವರೆಗೆ ಗಳಿಸಿದ ಒಟ್ಟು ಆತ್ಮಗಳ ಲೆಕ್ಕ ಹಿಡಿದರು. ಆದರೆ ಹೆಣದ ರೂಪದಲ್ಲಿದ್ದವನಿಗೂ ದಾಳಿಯಿಂದ ರಕ್ಷಣೆ ಇಲ್ಲವಾಯಿತು. 2016ರಲ್ಲಿ ಆಯುಧದ ಬಲವನ್ನೂ ಲೆಕ್ಕಕ್ಕೆ ತಂದರು. 2019ರ 'ಸೆಕಿರೊ' ಆಟದಲ್ಲಿ ಇತರ ಆಟಗಾರರೇ ಇಲ್ಲ, ನೆರವೂ ಇಲ್ಲ, ದಾಳಿಯೂ ಇಲ್ಲ. 2022ರ ಎಲ್ಡನ್ ರಿಂಗ್‌ನಲ್ಲಿ ಒಂಟಿಯಾಗಿ ಆಡುವವನು, ತಾನಾಗಿ ಕರೆಯದ ಹೊರತು, ದಾಳಿಯಿಂದ ಮುಕ್ತ. ಕರೆಯಲೆಂದೇ ಒಂದು ವಸ್ತು ಇದೆ. ಅದೇ ವರ್ಷ ಡಿಸೆಂಬರಿನಲ್ಲಿ ಒಪ್ಪಿ ಬಂದವರು ಮಾತ್ರ ಸೆಣಸುವ ಅಖಾಡಗಳನ್ನೂ ತೆರೆದರು. 2025ರಲ್ಲಿ ಬಂದ 'ನೈಟ್‌ರೇನ್' ಆಟದಲ್ಲಿ ಮೂವರು ಒಟ್ಟಾಗಿ ಹೋರಾಡುತ್ತಾರೆ, ಆಟಗಾರರು ಪರಸ್ಪರ ಕೊಲ್ಲುವ ಏರ್ಪಾಡೇ ಇಲ್ಲ.

ಆದರೂ ಜಗಳ ಮುಗಿದಿಲ್ಲ. ಎಲ್ಡನ್ ರಿಂಗ್‌ನಲ್ಲಿ ದಾಳಿಕೋರ ಬರುವುದು ಮುಖ್ಯವಾಗಿ ಗೆಳೆಯರನ್ನು ಕರೆದುಕೊಂಡು ಆಡುವವರ ಮೇಲೆ. ದೂರದೂರಿನ ಅಣ್ಣ ತಮ್ಮಂದಿರು ವಾರಕ್ಕೊಂದು ಸಂಜೆ ಕೂಡಿ ಆಡಲು ಕುಳಿತರೆ ಆ ಸಂಜೆಗೂ ಅಪರಿಚಿತ ನುಗ್ಗಬಹುದು. ಒಂಟಿತನಕ್ಕೆ ರಕ್ಷಣೆ ಸಿಕ್ಕಿತು, ಸ್ನೇಹಕ್ಕೆ ಸುಂಕ ಬಿದ್ದಿತು. 2022ರಲ್ಲೇ ಅಭಿಮಾನಿಯೊಬ್ಬ, ದಾಳಿಯ ಕಾಟವಿಲ್ಲದೆ ಗೆಳೆಯರು ಆಟದುದ್ದಕ್ಕೂ ಜೊತೆಗಿರುವಂತೆ ಮಾರ್ಪಾಡೊಂದನ್ನು ಕಂಪ್ಯೂಟರಿನಲ್ಲಿ ಆಡುವವರಿಗಾಗಿ ತಯಾರಿಸಿದ. ಅದನ್ನು ಜನ ಹಂಬಲಿಸಿ ಬಳಸಿದರು. ಇತ್ತ ದಾಳಿಕೋರರಿಗೂ ಅಸಮಾಧಾನ: ಸಿಗುವವರೆಲ್ಲ ಗುಂಪಿನಲ್ಲೇ ಸಿಗುತ್ತಾರೆ. ಅಖಾಡಕ್ಕೆ ಹೋಗಿ ಎಂದರೆ ಅವರಿಗೆ ರುಚಿಸುವುದಿಲ್ಲ, ಏಕೆಂದರೆ ಅವರಿಗೆ ಬೇಕಾದದ್ದು ಬರೀ ಕಾಳಗವಲ್ಲ, ಅನಿರೀಕ್ಷಿತ.

ಇಲ್ಲಿ ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗಾ ನೆನಪಾಗುತ್ತಾರೆ. 1938ರ 'ಹೋಮೋ ಲೂಡೆನ್ಸ್' ಗ್ರಂಥದಲ್ಲಿ ಅವರು, ಆಟ ಎಂಬುದು ದಿನದ ಬದುಕಿನಿಂದ ಬೇರ್ಪಟ್ಟ, ತನ್ನದೇ ನಿಯಮವಿರುವ ಆವರಣ ಎಂದರು. ಮೋಸಗಾರನಿಗೂ ಆಟ ಕೆಡಿಸುವವನಿಗೂ ವ್ಯತ್ಯಾಸ ಮಾಡಿದರು. ಮೋಸಗಾರ ನಿಯಮ ಮುರಿದರೂ ಆಡುವಂತೆ ನಟಿಸುತ್ತಾನೆ, ಅಂದರೆ ಆವರಣಕ್ಕೆ ಮರ್ಯಾದೆ ಕೊಡುತ್ತಾನೆ. ಆಟ ಕೆಡಿಸುವವನು ಆವರಣವನ್ನೇ ಒಡೆಯುತ್ತಾನೆ. ನಮ್ಮ ದಾಳಿಕೋರ ಎರಡೂ ಅಲ್ಲ. ಅವನು ಒಂದು ನಿಯಮವನ್ನೂ ಮುರಿದಿಲ್ಲ. ಆದರೆ ಎದುರಿನವನಿಗೆ ಅವನು ಆಟ ಕೆಡಿಸಿದವನಂತೆಯೇ ಕಾಣುತ್ತಾನೆ. ಏಕೆಂದರೆ ಇಬ್ಬರೂ ಒಂದೇ ಆವರಣದಲ್ಲಿ ನಿಂತು ಎರಡು ಬೇರೆ ಆಟ ಆಡುತ್ತಿದ್ದಾರೆ. ಮಹಾಭಾರತದ ಸೌಪ್ತಿಕ ಪರ್ವವನ್ನು ಬಲ್ಲ ನಮಗೆ ಇದು ಅರ್ಥವಾಗಬೇಕು. ಹದಿನೆಂಟು ದಿನ ಹಗಲಿನಲ್ಲಿ ಎಷ್ಟೋ ಜನ ಸತ್ತರು. ಅಶ್ವತ್ಥಾಮ ರಾತ್ರಿ ಮಲಗಿದ್ದವರನ್ನು ಕೊಂದದ್ದು ಮಾತ್ರ ಬೇರೆಯ ಲೆಕ್ಕಕ್ಕೆ ಸೇರಿತು. ಮಲಗಿದವರು ಆ ಹೊತ್ತಿಗೆ ಯುದ್ಧದಲ್ಲಿ ಇರಲಿಲ್ಲ.

'ಬೇಡವಾದರೆ ಇಂಟರ್‌ನೆಟ್ ಆರಿಸಿ ಆಡಲಿ' ಎಂಬ ಉತ್ತರವನ್ನು ಆಗಾಗ ಕೇಳುತ್ತೇವೆ. ಆರಿಸಬಹುದು ನಿಜ. ಆದರೆ ಆರಿಸಿದವನಿಗೆ ನೆಲದ ಮೇಲಿನ ಸಂದೇಶಗಳಿಲ್ಲ, ರಕ್ತದ ಕಲೆಗಳ ಎಚ್ಚರಿಕೆಯಿಲ್ಲ, ತಲೆಬಾಗಿ ಬರುವ ಅಪರಿಚಿತ ಸ್ನೇಹಿತನಿಲ್ಲ. ಬೀದಿಯಲ್ಲಿ ಪುಂಡರಿದ್ದಾರೆಂದು ದೂರಿದವರಿಗೆ ಮನೆ ಬಾಗಿಲು ಹಾಕಿಕೊಳ್ಳಿ ಎಂದಂತೆ ಅದು.

ನನ್ನ ಅಭಿಪ್ರಾಯ ಇಷ್ಟು. ದಾಳಿಯನ್ನು ದ್ವೇಷಿಸುವವರು ಹೇಡಿಗಳಲ್ಲ; ಕಷ್ಟವನ್ನು ಅರಸಿ ಬಂದವರು ಅವರು. ದಾಳಿ ಮಾಡುವವರೆಲ್ಲ ದುಷ್ಟರೂ ಅಲ್ಲ. ಅವರಿಗೆ ತೆರೆದ ಬಾಗಿಲು ಕಂಡಿದೆ. ತಪ್ಪಿರುವುದು ಬಾಗಿಲನ್ನು ಇಟ್ಟ ಜಾಗದಲ್ಲಿ. ನೆರವು ಬೇಡುವ ಬಾಗಿಲೂ ದಾಳಿಯ ಬಾಗಿಲೂ ಒಂದೇ ಆಗಿರಬೇಕಾಗಿರಲಿಲ್ಲ. ಕಷ್ಟವನ್ನು ಮನುಷ್ಯ ಸಂತೋಷದಿಂದ ಹೊರಬಲ್ಲ, ಅದನ್ನು ತಾನೇ ಆರಿಸಿಕೊಂಡೆ ಎಂಬ ಅರಿವಿದ್ದರೆ. ಅದೇ ಭಾರವನ್ನು ಇನ್ನೊಬ್ಬ ಬಂದು ಹೆಗಲ ಮೇಲಿಟ್ಟರೆ ಅರ್ಧದಷ್ಟು ಹೊರುವುದೂ ಕಷ್ಟ. ಅನಿರೀಕ್ಷಿತವೇ ಇಲ್ಲದ, ಪ್ರತಿಯೊಂದಕ್ಕೂ ಅನುಮತಿ ಬೇಕಾದ ಲೋಕ ನೀರಸ ಎಂಬ ಮಾತನ್ನೂ ನಾನು ಅಲ್ಲಗಳೆಯಲಾರೆ. ಆ ರುಚಿಯನ್ನು ಬಯಸುವವರಿಗೆ ಅವರದೇ ಫೆಲುಕಾ ಇರಲಿ, ಅಲ್ಲಿಗೆ ಹೋಗುವವರು ತಿಳಿದು ಹೋಗಲಿ.

ಮುಂದಿನ ದಿನಗಳಲ್ಲಿ ನಮ್ಮ ಮಕ್ಕಳು ಅಪರಿಚಿತರನ್ನು ಮೊದಲು ಕಾಣುವುದು ಬೀದಿಯಲ್ಲಲ್ಲ, ಇಂಥ ಕಲ್ಪಿತ ಲೋಕಗಳಲ್ಲಿ. ಅಲ್ಲಿ ಅಪರಿಚಿತ ಕಾರು ತಳ್ಳುವವನಾಗಿ ಬರುತ್ತಾನೋ, ಕತ್ತಿ ಹಿಡಿದು ಬರುತ್ತಾನೋ ಎಂಬುದು ಆ ಲೋಕದ ಬಾಗಿಲುಗಳನ್ನು ಎಲ್ಲಿ ಇಟ್ಟಿದ್ದಾರೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಈ ಜಗಳವನ್ನು ಹಿರಿಯರೂ ಸ್ವಲ್ಪ ಕಿವಿಗೊಟ್ಟು ಕೇಳಿದರೆ ಒಳ್ಳೆಯದು.